ಮರ ಕಿತ್ತು ಪಾಚಿ ನೆಡೋರು: ವ್ಯಾಂಕೂವರ್ ಪಕ್ಕದ ಎರಡು ಬಾಗ್‌ಗಳ ಕತೆ

ಕೆನಡಾದ ವ್ಯಾಂಕೂವರ್ ಊರಿನ ಪಶ್ಚಿಮಕ್ಕೆ ಪೆಸಿಫಿಕ್ ಸ್ಪಿರಿಟ್ ಅಂತ ಒಂದು ದೊಡ್ಡ ಪಾರ್ಕ್ ಇದೆ, ಪಾರ್ಕ್ ಅನ್ನೋದಕ್ಕಿಂತ ಕಾಡು ಅಂದ್ರೇನೇ ಸರಿ. ಅದರ ಅಂಚಲ್ಲಿ, ಮನೆಗಳ ಸಾಲು ಮುಗಿದು ನಾಲ್ಕು ಹೆಜ್ಜೆ ಇಟ್ಟರೆ ಒಂದು ಚಿಕ್ಕ ಬಯಲು ಸಿಗುತ್ತೆ. ಅಲ್ಲಿ ಒಂದಷ್ಟು ಜನ ಗಂಬೂಟ್ ಹಾಕ್ಕೊಂಡು, ಹಲಗೆ ಮೇಲೆ ಮಂಡಿಯೂರಿ ಕೂತು, ಚೆನ್ನಾಗಿ ಚಿಗುರಿರೋ ಹೆಮ್‌ಲಾಕ್ ಅನ್ನೋ ಕಾಡುಮರದ ಸಸಿಗಳನ್ನ ಒಂದೊಂದಾಗಿ ಕಿತ್ತು ಹಾಕ್ತಿರ್ತಾರೆ. ಕೆಲವು ಕಡೆ ಮೇಲಿನ ಮಣ್ಣನ್ನೇ ಬೇರು ಸಮೇತ ಕೆತ್ತಿ ಹೊರಗೆ ಸಾಗಿಸಿದಾರೆ. ದುಡ್ಡಿಲ್ಲ, ಸಂಬಳ ಇಲ್ಲ, ಎಲ್ಲಾ ಸ್ವಂತ ಇಷ್ಟದಿಂದ ಬಂದವರು, ತಮಗೆ ತಾವೇ ಇಟ್ಕೊಂಡಿರೋ ಹೆಸರು 'ಕ್ರೇಜಿ ಬಾಗರ್ಸ್'. ಪರಿಸರ ಉಳಿಸೋದು ಅಂದ್ರೆ ಗಿಡ ನೆಡೋದು ಅಂತಲೇ ಗೊತ್ತಿರೋರಿಗೆ ಇದನ್ನ ನೋಡಿದ್ರೆ ತಲೆ ಕೆಡುತ್ತೆ, ನನಗೂ ಮೊದಲು ಹಾಗೇ ಆಗಿತ್ತು, ಯಾಕಪ್ಪಾ ಇವರು ಬದುಕಿರೋ ಮರ ಕಿತ್ತು ಪಾಚಿ ನೆಡ್ತಿದಾರೆ ಅಂತ.

ಈ ಜಾಗದ ಹೆಸರು ಕಮೋಸನ್ ಬಾಗ್, ಬಾಗ್ ಅಂದ್ರೆ ಒಂದು ಥರದ ಜೌಗು ನೆಲ. ಇದಕ್ಕೆ ದೊಡ್ಡಣ್ಣನ ಥರ ಇನ್ನೊಂದಿದೆ, ಅದೇ ಮಹಾನಗರದ ದಕ್ಷಿಣಕ್ಕೆ ಡೆಲ್ಟಾ ಅನ್ನೋ ಊರಲ್ಲಿ, ಬರ್ನ್ಸ್ ಬಾಗ್ ಅಂತ. ಒಂದು ಅಂಗೈ ಅಗಲ, ಇನ್ನೊಂದು ಸಾವಿರಾರು ಎಕರೆ. ಎರಡಕ್ಕೂ ಬಂದಿರೋ ಕಾಯಿಲೆ ಒಂದೇ, ಔಷಧಿ ಮಾತ್ರ ಸ್ವಲ್ಪ ಬೇರೆ ಬೇರೆ. ಇವೆರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ್ರೆ ಈ ಮರ ಕೀಳೋ ಹುಚ್ಚು ಯಾಕೆ ಅಂತ ಅರ್ಥ ಆಗುತ್ತೆ.

ಮೊದಲು ಬಾಗ್ ಅಂದ್ರೆ ಏನು ಅಂತ ನೋಡೋಣ, ಯಾಕಂದ್ರೆ ಕನ್ನಡದಲ್ಲಿ ಕಾಲಿಟ್ಟರೆ ಹೂತೋಗೋ ಜಾಗಕ್ಕೆಲ್ಲ ನಾವು ಜೌಗು ಅಂತ ಒಂದೇ ಹೆಸರು ಇಟ್ಟುಬಿಟ್ಟಿದೀವಿ. ಕೆರೆ ಅಂಚಿನ ಜೊಂಡು ಬೆಳೆದ ಕೆಸರೂ ಜೌಗು, ನದಿ ಉಕ್ಕಿ ನಿಂತ ನೆಲವೂ ಜೌಗು. ಆದ್ರೆ ಅವಕ್ಕೆಲ್ಲ ನೀರು ಬರೋದು ಹೊಳೆಯಿಂದ, ತೊರೆಯಿಂದ, ನೆಲದೊಳಗಿಂದ, ಅಂದ್ರೆ ಆ ನೀರಲ್ಲಿ ಮಣ್ಣಿನ ಸತ್ವ ಇರುತ್ತೆ, ಹೂಳು ಇರುತ್ತೆ, ಸುಣ್ಣದ ಅಂಶ ಇರುತ್ತೆ. ಬಾಗ್ ಹಾಗಲ್ಲ. ಅದಕ್ಕೆ ಬರೋ ನೀರು ಬರೀ ಮಳೆ ನೀರು, ಊಟ ಅಂತ ಸಿಗೋದು ಆ ಮಳೆ ಜೊತೆ ಗಾಳಿಯಲ್ಲಿ ಬರೋ ಒಂಚೂರು ಧೂಳು ಅಷ್ಟೇ. ಸುತ್ತಲಿನ ನೆಲಕ್ಕಿಂತ ಸ್ವಲ್ಪ ಎತ್ತರಕ್ಕೆ, ದೋಸೆ ಕಾವಲಿ ಬೋರಲು ಹಾಕಿದ ಹಾಗೆ ಉಬ್ಬಿಕೊಂಡಿರುತ್ತೆ, ಹಾಗಾಗಿ ಅಕ್ಕಪಕ್ಕದ ಯಾವ ನೀರೂ ಅದರ ಮೇಲೆ ಹತ್ತಿ ಬರೋಕಾಗಲ್ಲ. ಬಡತನವೇ ಅದರ ಬದುಕು ಅಂತಾರಲ್ಲ, ಅಕ್ಷರಶಃ ಹಾಗೆ.

ಈ ಬಡತನವನ್ನ ಕಟ್ಟಿ ನಿಲ್ಲಿಸಿರೋದು ಒಂದು ಪಾಚಿ, ಸ್ಫ್ಯಾಗ್ನಮ್ ಅಂತ. ಬೇರಿಲ್ಲ, ಹೂವಿಲ್ಲ, ಬೆರಳುದ್ದ ಇದ್ರೆ ಹೆಚ್ಚು, ಆದ್ರೆ ಇಡೀ ಬಾಗ್‌ನ ಮೇಸ್ತ್ರಿ ಇದೇ. ಒಂದು ಹಿಡಿ ಸ್ಫ್ಯಾಗ್ನಮ್ ತಗೊಂಡು ಹಿಂಡಿದ್ರೆ ಒದ್ದೆ ಟವೆಲ್ ಹಿಂಡಿದ ಹಾಗೆ ನೀರು ಧಾರೆಯಾಗಿ ಸುರಿಯುತ್ತೆ, ಮುಗೀತು ಅಂದ್ಕೊಂಡು ಇನ್ನೊಂದು ಸಲ ಹಿಂಡಿದ್ರೆ ಮತ್ತೆ ಬರುತ್ತೆ. ತನ್ನ ಒಣ ತೂಕದ ಸುಮಾರು 20 ಪಟ್ಟು ನೀರು ಹಿಡಿದಿಟ್ಟುಕೊಳ್ಳೋ ತಾಕತ್ತು ಅದಕ್ಕಿದೆ. ಹೇಗೆ ಅಂದ್ರೆ ಅದರ ಎಲೆಯಲ್ಲಿ ಎರಡು ಥರದ ಜೀವಕೋಶ ಇರುತ್ತೆ, ಒಂದು ಥರದ್ದು ಹಸಿರಾಗಿ ಸಣ್ಣಗೆ ಬದುಕಿರುತ್ತೆ, ಇನ್ನೊಂದು ಥರದ್ದು ದೊಡ್ಡದಾಗಿ ಬೆಳೆದು ಸತ್ತು ಟೊಳ್ಳಾಗಿ, ಗೋಡೆಯಲ್ಲಿ ತೂತು ಬಿಟ್ಟುಕೊಂಡು ಖಾಲಿ ಕೊಡದ ಥರ ನಿಂತಿರುತ್ತೆ, ಆ ಕೊಡಗಳಲ್ಲಿ ನೀರು ತುಂಬ್ಕೊಳ್ಳುತ್ತೆ. ಬದುಕಿರೋದಕ್ಕಿಂತ ಸತ್ತಿರೋ ಭಾಗವೇ ಹೆಚ್ಚು ಕೆಲಸ ಮಾಡೋ ಗಿಡ ಇದು.

ಇನ್ನೂ ಒಂದು ಕಿತಾಪತಿ ಇದೆ ಅದರ ಹತ್ರ. ಮಳೆ ನೀರಲ್ಲಿ ಬರೋ ಅಲ್ಪಸ್ವಲ್ಪ ಕ್ಯಾಲ್ಸಿಯಂ, ಮೆಗ್ನೀಸಿಯಂ ಅನ್ನ ಇದು ಹಿಡ್ಕೊಂಡು ಬದಲಿಗೆ ಆಮ್ಲದ ಅಂಶವನ್ನ ನೀರಿಗೆ ಬಿಡುತ್ತೆ. ಹೀಗೆ ಮಾಡಿ ಮಾಡಿ ಸುತ್ತಲಿನ ನೀರನ್ನೇ ಹುಳಿ ಮಾಡಿಬಿಡುತ್ತೆ, ಪಿಎಚ್ ಲೆಕ್ಕದಲ್ಲಿ ಸುಮಾರು 4ರ ಆಸುಪಾಸು. ಹುಳಿ ನೀರು, ಊಟ ಇಲ್ಲ, ಬೇರಿಗೆ ಗಾಳಿ ಇಲ್ಲ, ಇಂಥ ಕಡೆ ಬೇರೆ ಗಿಡಗಳು ಬಂದು ಜಾಗ ಹಿಡಿಯೋಕೆ ಆಗಲ್ಲ. ಅಂದ್ರೆ ಸ್ಫ್ಯಾಗ್ನಮ್ ತನಗೆ ಬೇಕಾದ ಹಾಗೆ ಮನೆ ಕಟ್ಕೊಂಡು, ಬೇರೆಯವರು ಬಾಡಿಗೆಗೂ ಬರಬಾರದ ಹಾಗೆ ಮಾಡ್ಕೊಂಡಿರುತ್ತೆ.

ಇದರ ಮಧ್ಯೆಯೂ ಬದುಕೋ ಕೆಲವು ಜಗಮೊಂಡ ಗಿಡಗಳಿವೆ. ಸನ್‌ಡ್ಯೂ ಅಂತ ಒಂದು, ಕಾಸಿನಗಲ ಎಲೆ, ಎಲೆ ತುಂಬ ಕೆಂಪು ಕೂದಲು, ಪ್ರತಿ ಕೂದಲಿನ ತುದಿಯಲ್ಲೂ ಇಬ್ಬನಿ ಹನಿ ಥರ ಮಿನುಗೋ ಅಂಟು. ನುಸಿ ಬಂದು ಕೂತ್ರೆ ಕಾಲು ಅಂಟ್ಕೊಳ್ಳುತ್ತೆ, ಬಿಡಿಸ್ಕೊಳ್ಳೋಕೆ ಒದ್ದಾಡಿದಷ್ಟೂ ಪಕ್ಕದ ಕೂದಲುಗಳು ನಿಧಾನಕ್ಕೆ ಬಾಗಿ ಅದರ ಮೇಲೆ ಬೀಳುತ್ತೆ. ಮಣ್ಣಲ್ಲಿ ಸಾರಜನಕ ಇಲ್ಲದ ಮೇಲೆ ನುಸಿ ಮೈಯಿಂದ ತಗೋಬೇಕಷ್ಟೇ. ಹಾಗೇ ಲ್ಯಾಬ್ರಡಾರ್ ಟೀ ಅಂತ ಒಂದು ಪೊದೆ, ಕಾಡು ಕ್ರ್ಯಾನ್‌ಬೆರಿ ಬಳ್ಳಿ, ಆಮೇಲೆ ಶೋರ್ ಪೈನ್ ಮರ. ಈ ಪೈನ್ ಬಾಗ್ ಹೊರಗೆ ಬೆಳೆದ್ರೆ ಮಾಮೂಲಿ ಮರದಷ್ಟೇ ಎತ್ತರ ಹೋಗುತ್ತೆ, ಬಾಗ್ ಒಳಗಾದ್ರೆ ಎಷ್ಟೋ ದಶಕ ಕಳೆದ್ರೂ ಆಳೆತ್ತರಕ್ಕೇ ನಿಂತು, ಮೈಯೆಲ್ಲ ಸೊಟ್ಟ ಆಗಿ, ನೋಡಿದ್ರೆ ಯಾರೋ ಕುಂಡದಲ್ಲಿಟ್ಟು ಬೆಳೆಸಿದ ಬೋನ್ಸಾಯ್ ಅನ್ಸುತ್ತೆ. ಕುಳ್ಳಗಿದೆ ಅಂತ ಎಳೆ ಮರ ಅಂದ್ಕೋಬೇಡಿ, ಅದು ಅಜ್ಜ.

ಸರಿ, ಈ ಪಾಚಿ ಮೇಲೆ ಮೇಲೆ ಬೆಳೀತಾ ಹೋಗುತ್ತೆ, ಕೆಳಗಿನದು ಸಾಯ್ತಾ ಹೋಗುತ್ತೆ. ಸತ್ತದ್ದು ಕೊಳೀಬೇಕು ತಾನೇ, ಆದ್ರೆ ನೀರಲ್ಲಿ ಮುಳುಗಿ ಗಾಳಿ ಸಿಗದೆ, ಹುಳಿಯಲ್ಲಿ ನೆನೆದು, ಉಪ್ಪಿನಕಾಯಿ ಜಾಡಿಯಲ್ಲಿಟ್ಟ ಹಾಗೆ ಕೆಡದೆ ಉಳ್ಕೊಳ್ಳುತ್ತೆ. ಹೀಗೆ ಅರೆಬರೆ ಕೊಳೆತು ಒತ್ತೊತ್ತಾಗಿ ಕೂತದ್ದೇ ಪೀಟ್. ನರ್ಸರಿಯವರು ಕೊಡೋ ಕೋಕೋಪೀಟ್ ಇದಲ್ಲ, ಅದು ತೆಂಗಿನ ನಾರಿನ ಪುಡಿ, ಈ ಪೀಟಿಗೆ ಬದಲಿ ಅಂತ ಬಂದದ್ದಕ್ಕೆ ಆ ಹೆಸರು. ಪೀಟ್ ಬೆಳೆಯೋದು ವರ್ಷಕ್ಕೆ ಹೆಚ್ಚೂಕಮ್ಮಿ 1 ಮಿಲಿಮೀಟರ್. ಒಂದು ಮೀಟರ್ ಆಗೋಕೆ ಸಾವಿರ ವರ್ಷ. ಡೆನ್ಮಾರ್ಕಿನ ಒಂದು ಬಾಗ್‌ನಲ್ಲಿ 1950ರಲ್ಲಿ ಪೀಟ್ ಕಡಿಯುವಾಗ ಒಂದು ಹೆಣ ಸಿಕ್ಕಿತ್ತು, ಮುಖದ ಗಡ್ಡದ ಚಿಗುರೂ ಕಾಣ್ತಿತ್ತು, ಇತ್ತೀಚಿನ ಕೊಲೆ ಇರ್ಬೇಕು ಅಂತ ಪೊಲೀಸರಿಗೆ ಹೇಳಿಕಳಿಸಿದ್ರು, ನೋಡಿದ್ರೆ ಅವನು ಸತ್ತು ಎರಡು ಸಾವಿರ ವರ್ಷದ ಮೇಲಾಗಿತ್ತು. ಟಾಲುಂಡ್ ಮ್ಯಾನ್ ಅಂತಾರೆ ಅವನಿಗೆ. ಮನುಷ್ಯನ ಚರ್ಮವನ್ನೇ ಅಷ್ಟು ಕಾಲ ಇಡುತ್ತೆ ಅಂದ್ಮೇಲೆ ಗಿಡದ ಕಾರ್ಬನ್ ಇಡೋದು ಯಾವ ಲೆಕ್ಕ. ಪ್ರಪಂಚದ ನೆಲದಲ್ಲಿ ಪೀಟ್ ಇರೋದು ಬರೀ 3 ಪರ್ಸೆಂಟ್ ಜಾಗದಲ್ಲಿ, ಆದ್ರೆ ಅದರೊಳಗೆ ಕೂತಿರೋ ಕಾರ್ಬನ್ನು ಪ್ರಪಂಚದ ಎಲ್ಲಾ ಕಾಡಿನ ಮರಗಿಡಗಳಲ್ಲಿ ಇರೋದಕ್ಕಿಂತ ಜಾಸ್ತಿ.

ಇಲ್ಲಿ ಒಂದು ಸೂಕ್ಷ್ಮ ಇದೆ, ಇದು ಅರ್ಥ ಆದ್ರೆ ಮುಂದಿನದೆಲ್ಲ ಸಲೀಸು. ಬಾಗ್ ಅನ್ನ ಎರಡು ಪದರ ಅಂದ್ಕೊಳ್ಳಿ. ಮೇಲಿನದು ತೆಳು, ಮೊಣಕಾಲುದ್ದನೂ ಇರಲ್ಲ, ಬದುಕಿರೋ ಪಾಚಿಯ ಸಡಿಲ ಪದರ, ನೀರು ಅದರಲ್ಲಿ ಏರಿಳಿಯುತ್ತೆ. ಕೆಳಗಿನದು ದಪ್ಪ, ಒತ್ತಾದ ಪೀಟ್, ಯಾವತ್ತೂ ನೀರಲ್ಲೇ. ಮಳೆ ಬಂದಾಗ ಮೇಲಿನ ಪದರ ಉಬ್ಬುತ್ತೆ, ಬಿಸಿಲಲ್ಲಿ ಇಳಿಯುತ್ತೆ, ಬಾಗ್ ಉಸಿರಾಡುತ್ತೆ ಅಂತ ಅದನ್ನ ಓದಿದವರು ಹೇಳ್ತಾರೆ. ವ್ಯಾಂಕೂವರಲ್ಲಿ ಮಳೆಯ ಬಹುಪಾಲು ಅಕ್ಟೋಬರಿಂದ ಮಾರ್ಚ್ ತನಕ ಹೊಯ್ಯುತ್ತೆ, ಜುಲೈ ಆಗಸ್ಟಲ್ಲಿ ತೀರಾ ಕಮ್ಮಿ. ಆ ಎರಡು ತಿಂಗಳನ್ನ ಬಾಗ್ ಚಳಿಗಾಲದ ಉಳಿತಾಯದಲ್ಲೇ ಕಳೀಬೇಕು. ನೀರಿನ ಮಟ್ಟ ಮೇಲಿನ ಪದರ ದಾಟಿ ಕೆಳಗಿನ ಪದರದೊಳಕ್ಕೆ ಇಳೀಬಾರದು. ಒಂದಡಿ ಒಂದೂವರೆ ಅಡಿ ವ್ಯತ್ಯಾಸದಲ್ಲಿ ಅದರ ಸಾವು ಬದುಕು ನಿಂತಿದೆ ಅಂದ್ರೆ ನಂಬೋಕೆ ಕಷ್ಟ, ಆದ್ರೆ ನಿಜ.

ಈಗ ಊರು ಬಂತು ಅಂದ್ಕೊಳ್ಳಿ. ಯಾರೂ ಬಾಗ್ ಕೊಲ್ಲಬೇಕು ಅಂತ ಬರಲ್ಲ. ಪಕ್ಕದಲ್ಲಿ ಮನೆ ಕಟ್ಬೇಕು, ನೆಲಮಾಳಿಗೆಗೆ ನೀರು ನುಗ್ಗಬಾರದು, ಅದಕ್ಕೊಂದು ಚರಂಡಿ. ಹೊಲ ಮಾಡ್ಬೇಕು, ಅದಕ್ಕೊಂದು ಬಸಿಗಾಲುವೆ. ರಸ್ತೆ, ರಸ್ತೆ ಪಕ್ಕ ಇನ್ನೊಂದು ಕಾಲುವೆ. ಯಾರೂ ಬಾಗ್ ಮೈ ಮುಟ್ಟಿಲ್ಲ, ಅಂಚಲ್ಲಿ ಸೂಜಿ ಚುಚ್ಚಿದಾರೆ ಅಷ್ಟೇ, ನೀರು ಮೆಲ್ಲಗೆ ಇಳೀತಾ ಹೋಗುತ್ತೆ. ನೀರು ಇಳಿದ ಕೂಡಲೇ ಪೀಟ್ ಒಳಗೆ ಗಾಳಿ ಹೋಗುತ್ತೆ, ಸಾವಿರಾರು ವರ್ಷ ಸುಮ್ನೆ ಕೂತಿದ್ದ ಪೀಟ್ ಕೊಳೆಯೋಕೆ ಶುರು, ಕೊಳೆತದ್ದು ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತೆ, ಜೊತೆಗೆ ಅಲ್ಲಿ ಲಾಕ್ ಆಗಿದ್ದ ಪೋಷಕಾಂಶ ಬಿಡುಗಡೆ. ಅದನ್ನ ಕಂಡು ಹೆಮ್‌ಲಾಕ್ ಬರುತ್ತೆ, ಬರ್ಚ್ ಬರುತ್ತೆ, ಕುಳ್ಳ ಪೈನ್‌ಗಳಿಗೆ ಇದ್ದಕ್ಕಿದ್ದ ಹಾಗೆ ಪ್ರಾಯ ಬಂದು ಎತ್ತರ ಬೆಳೆಯೋಕೆ ಹೊರಡುತ್ತೆ. ಮರ ದೊಡ್ಡದಾದಷ್ಟೂ ಬೇರು ಹೆಚ್ಚು ನೀರು ಎಳೆದು ಎಲೆಯಿಂದ ಆವಿ ಮಾಡುತ್ತೆ, ಮಳೆ ಬಂದ್ರೂ ಒಂದಷ್ಟು ಕೊಂಬೆಯಲ್ಲೇ ನಿಂತು ಒಣಗಿಹೋಗುತ್ತೆ, ನೀರಿನ ಮಟ್ಟ ಇನ್ನೂ ಇಳಿಯುತ್ತೆ, ಮತ್ತಷ್ಟು ಮರ ಬರುತ್ತೆ. ಕೆಳಗೆ ನೆರಳು ಬಿದ್ದು, ತರಗೆಲೆ ಮುಚ್ಚಿ ಸ್ಫ್ಯಾಗ್ನಮ್ ಸಾಯುತ್ತೆ. ಹೊರಗಿನಿಂದ ನೋಡೋರಿಗೆ ಆಹಾ ಎಷ್ಟು ಹಸಿರು, ಕಾಡು ಬೆಳೀತಿದೆ ಅನ್ಸುತ್ತೆ. ಅಸಲಿಗೆ ಅದು ಜ್ವರ ಬಂದವನ ಕೆನ್ನೆ ಕೆಂಪಗಿದೆ ಅಂತ ಖುಷಿ ಪಟ್ಟ ಹಾಗೆ.

ಕ್ರೇಜಿ ಬಾಗರ್ಸ್ ಮರ ಕೀಳೋದು ಇದಕ್ಕೇ.

ಕಮೋಸನ್ ಬಾಗ್ ಹುಟ್ಟಿದ್ದು ಹಿಮಯುಗದ ಬಾಲದಲ್ಲಿ, ಸುಮಾರು 12,000 ವರ್ಷದ ಹಿಂದೆ, ಹಿಮ ಕರಗಿ ಬಿಟ್ಟುಹೋದ ಒಂದು ಪುಟ್ಟ ಕೊಳವಾಗಿ. ಕೊಳ ನಿಧಾನಕ್ಕೆ ತುಂಬಿ, ಜೌಗಾಗಿ, ಬಾಗ್ ಅನ್ನೋ ರೂಪಕ್ಕೆ ಬಂದದ್ದು ಸುಮಾರು 2000 ವರ್ಷದ ಹಿಂದೆ. ಅದು ಮಸ್ಕ್ವಿಯಮ್ ಮೂಲನಿವಾಸಿಗಳ ನೆಲ. ಅವರ ಕತೆಯಲ್ಲಿ ಆ ಕೊಳದಲ್ಲಿ ಎರಡು ತಲೆಯ ಹಾವೊಂದು ಇತ್ತು, ಅದು ಹೊಳೆ ಕಡೆಗೆ ಹರಿದುಹೋದ ದಾರಿ ತೊರೆ ಆಯ್ತು, ಹಾವು ಹೋದ ಕಡೆಯಲ್ಲೆಲ್ಲ ಒಂದು ಹುಲ್ಲು ಹುಟ್ಟಿತು, ಆ ಹುಲ್ಲಿನ ಹೆಸರೇ ಅವರ ಜನಕ್ಕೂ ಬಂತು. ಒಂದು ಜನಾಂಗದ ಹೆಸರಿನ ಬೇರು ಈ ಒದ್ದೆ ನೆಲದಲ್ಲಿದೆ ಅಂದ್ರೆ ಇದನ್ನ ಬರೀ ಬೀಳು ಜಾಗ ಅಂತ ಬರೆದುಕೊಂಡ ನಕ್ಷೆಗಳ ಬಗ್ಗೆ ಏನು ಹೇಳೋದು. 20ನೇ ಶತಮಾನದಲ್ಲಿ ಸುತ್ತ ಮನೆ ಎದ್ದವು, ಚರಂಡಿ ಹಾಕಿದ್ರು, ನೀರು ಇಳೀತು, ಹೆಮ್‌ಲಾಕ್ ನುಗ್ಗಿತು, ಬಾಗ್ ಮುದುಡಿ ಮುದುಡಿ ಎರಡು ಮೂರು ಎಕರೆಯಷ್ಟು ತುಣುಕಿಗೆ ಬಂತು.

ಇಲ್ಲಿ ಸಮಸ್ಯೆ ಏನಂದ್ರೆ ನೀರಿನ ಮಟ್ಟ ಮೇಲೆ ಎತ್ತೋದು ಸುಲಭ ಇಲ್ಲ, ಎತ್ತಿದ್ರೆ ಪಕ್ಕದ ಮನೆಗಳ ನೆಲಮಾಳಿಗೆಗೆ ನುಗ್ಗುತ್ತೆ. ಸರಿ ಹಾಗಾದ್ರೆ ಪೈಪ್ ಹಾಕಿ ಹೊರಗಿನ ನೀರು ಬಿಟ್ರಾಯ್ತಲ್ಲ ಅಂತ ಯಾರಿಗಾದ್ರೂ ಅನ್ನಿಸ್ಬೋದು. ಆಗಲ್ಲ. ಬಾಗ್‌ಗೆ ನೀರು ಬೇಕು ನಿಜ, ಆದ್ರೆ ಯಾವುದೋ ನೀರಲ್ಲ. ರಸ್ತೆ ಮೇಲೆ ಹರಿದು ಬಂದ ನೀರಲ್ಲಿ ಕಾಂಕ್ರೀಟಿನ ಸುಣ್ಣ ಇರುತ್ತೆ, ಹುಲ್ಲುಹಾಸಿಗೆ ಹಾಕಿದ ಗೊಬ್ಬರ ಇರುತ್ತೆ, ನದಿ ನೀರಲ್ಲಿ ಖನಿಜ ಇರುತ್ತೆ. ಅಂಥ ನೀರು ಬಿಟ್ರೆ ಹುಳಿ ಇಳಿದು, ಊಟ ಹೆಚ್ಚಾಗಿ, ಸ್ಫ್ಯಾಗ್ನಮ್ ಬದಲು ಜೊಂಡು ಹುಲ್ಲು ಬರುತ್ತೆ. ಹಸಿದವನಿಗೆ ಅನ್ನ ಹಾಕೋದು ಧರ್ಮ, ಆದ್ರೆ ಬಾಗ್ ವಿಷಯದಲ್ಲಿ ಅದೇ ವಿಷ. ನಾಯಿ ತಿರುಗಾಡಿಸೋರಿಗೆ ಹಲಗೆ ದಾರಿ ಬಿಟ್ಟು ಇಳಿಸಬೇಡಿ ಅನ್ನೋದೂ ಅದಕ್ಕೇ, ನಾಯಿ ಗಲೀಜು ಮಾಡಿದ್ರೆ ನಮಗದು ಗಲೀಜು ಅಷ್ಟೇ, ಬಾಗ್‌ಗೆ ಅದು ಗೊಬ್ಬರದ ಮೂಟೆ.

ಹಾಗಾಗಿ ಕಮೋಸನ್‌ನಲ್ಲಿ ಉಲ್ಟಾ ಯೋಚನೆ ಮಾಡಿದ್ರು. ನೀರನ್ನ ನೆಲದ ಹತ್ರ ತರೋಕಾಗಲ್ಲ ಅಂದ್ರೆ ನೆಲವನ್ನೇ ನೀರಿನ ಹತ್ರ ಇಳಿಸೋಣ. ಮರ ಕಡಿದ್ರು, ಸಲಾಲ್ ಅನ್ನೋ ಗಟ್ಟಿ ಪೊದೆಯ ಬೇರುಗಳನ್ನ ಎಳೆದು ಹಾಕಿದ್ರು, ಒಣಗಿ ಕೊಳೆತ ಮೇಲಿನ ಪೀಟ್ ಪದರವನ್ನ ಕೆತ್ತಿ ತೆಗೆದು, ನೀರಿನ ಮಟ್ಟಕ್ಕೆ ಹತ್ರ ಆಗೋ ತನಕ ಹೊಂಡ ಮಾಡಿ, ಅದರಲ್ಲಿ ಸ್ಫ್ಯಾಗ್ನಮ್ ತುಣುಕುಗಳನ್ನ ತಂದು ಹರಡಿದ್ರು. ಪಾಚಿಗೆ ಬೇರಿಲ್ಲವಲ್ಲ, ಹಾಗಾಗಿ ಅದನ್ನ ನೆಡೋದು ಅಂದ್ರೆ ತುಣುಕು ಮಾಡಿ ಒದ್ದೆ ನೆಲದ ಮೇಲೆ ಇಟ್ಟು ಒತ್ತೋದು ಅಷ್ಟೇ, ಪ್ರತಿ ತುಣುಕೂ ಹೊಸ ಗಿಡ ಆಗಬಲ್ಲದು. ಕ್ವಿಬೆಕ್ ಕಡೆ ಪೀಟ್ ಅಗೆದು ಬಿಟ್ಟ ಬಯಲುಗಳಲ್ಲಿ ಇದೇ ತತ್ವವನ್ನ ದೊಡ್ಡ ಮಟ್ಟದಲ್ಲಿ ಮಾಡ್ತಾರೆ, ಚೆನ್ನಾಗಿರೋ ಬಾಗ್‌ನಿಂದ ಮೇಲಿನ ಪಾಚಿ ತೆಳುವಾಗಿ ಕೆರೆದು ತಂದು, ಟ್ರ್ಯಾಕ್ಟರ್ ಹಿಂದೆ ಗೊಬ್ಬರ ಎರಚೋ ಯಂತ್ರ ಇರುತ್ತಲ್ಲ ಅದರಲ್ಲೇ ಹರಡಿ, ಬಿಸಿಲಿಗೆ ಒಣಗದ ಹಾಗೆ ಮೇಲೆ ಒಣಹುಲ್ಲು ಮುಚ್ಚಿ, ಕಾಲುವೆಗಳಿಗೆ ಅಡ್ಡಗಟ್ಟೆ ಹಾಕ್ತಾರೆ. ಕಮೋಸನ್‌ನಲ್ಲಿ ಮಾತ್ರ ಎಲ್ಲಾ ಕೈಕೆಲಸ.

ಹಲಗೆ ದಾರಿ ಪಕ್ಕ ಕೂತು ನೋಡಿದ್ರೆ ಈ ಕೈಕೆಲಸ ಗೊತ್ತಾಗುತ್ತೆ. ಎಲ್ಲಿ ಹೊಸದಾಗಿ ಪಾಚಿ ಇಟ್ಟಿದಾರೋ ಅಲ್ಲಿ ಕಂದು ಪೀಟ್ ಮೇಲೆ ಅಲ್ಲಲ್ಲಿ ತಿಳಿಹಸಿರು ಚುಕ್ಕಿ, ಹಳೇದಾದ ಕಡೆ ಆ ಚುಕ್ಕಿಗಳು ಕೂಡಿ ಮೆತ್ತೆ ಆಗಿವೆ, ಇನ್ನೂ ಹಳೇ ಕಡೆ ಮೆತ್ತೆ ಉಬ್ಬಿ ದಿಬ್ಬ ಆಗಿ ದಿಬ್ಬದ ನೆತ್ತಿ ಕಡುಗೆಂಪು, ತಗ್ಗಲ್ಲಿ ಹಸಿರು. ಬೇರೆ ಬೇರೆ ಜಾತಿ ಸ್ಫ್ಯಾಗ್ನಮ್ ಅವು, ಒಂದಕ್ಕೆ ತಗ್ಗಿನ ನೀರು ಇಷ್ಟ, ಇನ್ನೊಂದಕ್ಕೆ ದಿಬ್ಬದ ಮೇಲಿನ ಬಿಸಿಲು ತಡೆಯೋ ಶಕ್ತಿ. ಬೆರಳಲ್ಲಿ ಒತ್ತಿ ನೋಡ್ಬೇಕು ಅನ್ಸುತ್ತೆ, ಒತ್ತಬೇಡಿ. ಒಂದು ಹೆಜ್ಜೆ ಗುರುತು ಹೋಗೋಕೆ ವರ್ಷಗಟ್ಟಲೆ ಹಿಡಿಯುತ್ತೆ.

ಬರ್ನ್ಸ್ ಬಾಗ್ ಕತೆ ಬೇರೆ ಅಳತೆಯದು. ಫ್ರೇಸರ್ ನದಿ ಹೂಳು ತಂದು ತಂದು ಸುರಿದ ಮುಖಜ ಭೂಮಿ ಮೇಲೆ ಸುಮಾರು 5000 ವರ್ಷದಿಂದ ರೂಪುಗೊಂಡದ್ದು, ಈಗ ಉಳಿದಿರೋದು ಸುಮಾರು 3000 ಹೆಕ್ಟೇರ್, ಅಂದ್ರೆ ಏಳು ಸಾವಿರ ಎಕರೆ ಮೇಲೆ. ಮಹಾನಗರದ ಹೊಟ್ಟೆಯೊಳಗೆ ಇಷ್ಟು ದೊಡ್ಡ ಬಾಗ್ ಇರೋದು ಅಪರೂಪದಲ್ಲಿ ಅಪರೂಪ. ಡಾಮಿನಿಕ್ ಬರ್ನ್ಸ್ ಅಂತ ಮಾಂಸದ ವ್ಯಾಪಾರದ ಮನೆತನದವನು 20ನೇ ಶತಮಾನದ ಶುರುವಲ್ಲಿ ಈ ಜಾಗ ಕೊಂಡ, ಹೆಸರು ಅವನದೇ ನಿಂತಿತು. ಆಮೇಲೆ ಶುರುವಾಯ್ತು ನೋಡಿ ಒಬ್ಬೊಬ್ಬರ ಕೈವಾಡ. 1930ರ ದಶಕದಿಂದ 1984ರ ತನಕ ಪೀಟ್ ಅಗೆದ್ರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದವರಿಗೆ ಬೆಂಕಿ ಬಾಂಬ್‌ಗೆ ಮೆಗ್ನೀಸಿಯಂ ಬೇಕಾಗಿತ್ತು, ಅದನ್ನ ತಯಾರಿಸೋ ಕೆಲಸಕ್ಕೆ ಇಲ್ಲಿನ ಪೀಟ್ ಹೋಯ್ತು. ಸಾವಿರಾರು ವರ್ಷ ನೀರಲ್ಲಿ ತಣ್ಣಗೆ ಮಲಗಿದ್ದ ಪಾಚಿ ಕೊನೆಗೆ ಬೆಂಕಿ ಬಾಂಬ್ ಆಗಿ ಹೋಗಿದ್ದು ಒಂದು ವಿಪರ್ಯಾಸ. 1966ರಲ್ಲಿ ನೈರುತ್ಯ ಮೂಲೆಯಲ್ಲಿ ವ್ಯಾಂಕೂವರ್ ನಗರದ ಕಸದ ಗುಡ್ಡ ಶುರುವಾಯ್ತು, ಅದು ಇವತ್ತಿಗೂ ನಡೀತಿದೆ. 1986ರಲ್ಲಿ 91ನೇ ನಂಬರಿನ ಹೆದ್ದಾರಿ ಬಂದು ಪೂರ್ವದ ಭಾಗವನ್ನ ಸೀಳಿತು, 2013ರಲ್ಲಿ ಇನ್ನೊಂದು ಹೆದ್ದಾರಿ ಅಂಚಿಗೆ ಬಂತು. ಸುತ್ತ ಕ್ರ್ಯಾನ್‌ಬೆರಿ, ಬ್ಲೂಬೆರಿ ತೋಟ. ತೋಟದ ಬ್ಲೂಬೆರಿಯನ್ನ ಹಕ್ಕಿ ತಿಂದು ಬಾಗ್ ಒಳಗೆ ಬೀಜ ಹಾಕುತ್ತೆ, ಈಗ ಅದೇ ಅಲ್ಲಿ ಕಳೆ.

ಡೆಲ್ಟಾ ನೇಚರ್ ರಿಸರ್ವ್ ಅಂತ ಜನರಿಗೆ ಬಿಟ್ಟಿರೋ ಒಂದು ಚಿಕ್ಕ ಭಾಗ ಇದೆ, ಉಳಿದದ್ದರ ಒಳಗೆ ಹೋಗೋ ಹಾಗಿಲ್ಲ. ಆ ಹಲಗೆ ದಾರಿಯಲ್ಲಿ ಹೋಗ್ತಾ ಒಂದು ಕಡೆ ಹಳೇ ಟ್ರ್ಯಾಕ್ಟರೊಂದು ಪೀಟ್‌ನಲ್ಲಿ ಹೂತು, ತುಕ್ಕು ಹಿಡಿದ ಮೇಲ್ಭಾಗ ಮಾತ್ರ ಕಾಣೋ ಹಾಗೆ ಕೂತಿದೆ. ಯಂತ್ರ ಇಳಿಸೋ ಮುಂಚೆ ಅಲ್ಲಿನ ನೆಲವನ್ನ ಒಂದು ಮಾತು ಕೇಳಬೇಕಿತ್ತು ಅಂತ ನೋಡಿದವರೆಲ್ಲ ನಗ್ತಾರೆ. ಬಾಗ್ ಗೆದ್ದಿರೋ ಜಾಗ ಅದೊಂದೇ ಇರ್ಬೇಕು.

ಬಾಗ್ ಒಣಗಿದ್ರೆ ಏನಾಗುತ್ತೆ ಅನ್ನೋದನ್ನ ಇಡೀ ಊರು ಮೂಗಲ್ಲೇ ತಿಳ್ಕೊಂಡದ್ದು 2005ರ ಸೆಪ್ಟೆಂಬರಲ್ಲಿ. ಸುಮಾರು 200 ಹೆಕ್ಟೇರ್‌ಗೆ ಬೆಂಕಿ ಬಿತ್ತು, ಹೊಗೆ ವ್ಯಾಂಕೂವರ್ ಸುತ್ತಮುತ್ತ ದಿನಗಟ್ಟಲೆ ಕವಿದಿತ್ತು. 2016ರ ಜುಲೈಯಲ್ಲಿ ಮತ್ತೆ, ಸುಮಾರು 78 ಹೆಕ್ಟೇರ್, ಪಕ್ಕದ ಹೆದ್ದಾರಿ ಬಂದ್. ಪೀಟ್ ಬೆಂಕಿ ಕಾಡಿನ ಬೆಂಕಿ ಥರ ಧಗಧಗ ಅನ್ನಲ್ಲ, ಹೊಟ್ಟಿನ ರಾಶಿಗೆ ಕೆಂಡ ಬಿದ್ದ ಹಾಗೆ ನೆಲದೊಳಗೆ ಸುಳಿವಿಲ್ಲದೆ ನುಸುಳಿಕೊಂಡು ಹೋಗುತ್ತೆ, ಇಲ್ಲಿ ಆರಿಸಿದ್ವಿ ಅಂದ್ಕೊಂಡು ತಿರುಗಿ ನೋಡಿದ್ರೆ ಅಲ್ಲಿ ಹೊಗೆ. ಮೇಲಿಂದ ನೀರು ಸುರಿದ್ರೆ ಸಾಲದು, ನೆಲದೊಳಗೇ ನೀರು ಏರಬೇಕು. ಬೆಂಕಿ ಆರಿಸೋ ಉಪಾಯವೂ ಬಾಗ್ ಉಳಿಸೋ ಉಪಾಯವೂ ಒಂದೇ ಆಗಿಬಿಡುತ್ತೆ.

ಆ ಉಪಾಯ ಕೇಳಿದ್ರೆ ಇಷ್ಟೇನಾ ಅನ್ಸುತ್ತೆ. ಬರ್ನ್ಸ್ ಬಾಗ್ ಕಮೋಸನ್ ಥರ ಅಲ್ಲ, ಒಳಗೆ ಮನೆ ಇಲ್ಲ, ನೀರಿನ ಮಟ್ಟ ಎತ್ತೋಕೆ ಜಾಗ ಇದೆ. ಹಾಗಾಗಿ ಪೀಟ್ ಅಗೆದ ಕಾಲದ ಬಸಿಗಾಲುವೆಗಳಿಗೆ ಅಡ್ಡಗಟ್ಟೆ ಹಾಕಿದ್ರು. ಎರಡು ದಡದ ಪೀಟ್‌ಗೆ ಹಲಗೆ ಅಥವಾ ಪ್ಲೈವುಡ್ ಹೂಳೋದು, ಮಧ್ಯೆ ಪೀಟ್ ತುಂಬೋದು, ಮುಗೀತು. ಹೀಗೆ ಒಂದೆರಡಲ್ಲ, 400ಕ್ಕೂ ಹೆಚ್ಚು ಕಟ್ಟೆ. ದೊಡ್ಡ ಅಣೆಕಟ್ಟಿನ ಥರ ನೀರು ಕೂಡಿಡೋದಲ್ಲ ಗುರಿ, ಚಳಿಗಾಲದ ಮಳೆ ಓಡಿಹೋಗದ ಹಾಗೆ ಮಾಡಿ, ಬೇಸಿಗೆಗೆ ಅರ್ಧ ಅಡಿ ಮುಕ್ಕಾಲು ಅಡಿ ಹೆಚ್ಚು ನೀರು ಉಳಿಸೋದು, ಹಾಗಾಗಿ ಒಂದೇ ದೊಡ್ಡ ಕಟ್ಟೆಗಿಂತ ಮೆಟ್ಟಿಲು ಮೆಟ್ಟಿಲಾಗಿ ನೂರಾರು ಸಣ್ಣವು. ಬೀವರ್ ಅನ್ನೋ ಕಟ್ಟೆ ಕಟ್ಟೋ ಪ್ರಾಣಿಗಳೂ ಕೂಲಿ ಕೇಳದೆ ಬಂದು ಕಾಲುವೆಗಳಿಗೆ ಕೊಂಬೆ ರೆಂಬೆ ಅಡ್ಡ ಹಾಕಿ ಕೈ ಜೋಡಿಸಿವೆ. ಕಾಲುವೆ ತುಂಬಿ ನಿಂತ ನೀರಲ್ಲಿ ಮೊದಲು ಬರೋದೇ ನೀರಲ್ಲಿ ತೇಲೋ ಜಾತಿಯ ಸ್ಫ್ಯಾಗ್ನಮ್, ಅದು ದಡದಿಂದ ದಡಕ್ಕೆ ಚಾಪೆ ಹಾಸಿದ ಹಾಗೆ ಹರಡಿ ಕಾಲುವೆಯನ್ನೇ ಮುಚ್ಚೋಕೆ ಹೊರಡುತ್ತೆ. ಎಲ್ಲಿ ನೀರು ಏರಿತೋ ಅಲ್ಲಿ ನುಗ್ಗಿದ್ದ ಮರಗಳ ಬೇರು ಉಸಿರುಗಟ್ಟಿ ತಾವೇ ಒಣಗುತ್ತೆ, ಗರಗಸ ಬೇಡ.

ಕಟ್ಟೆ ಹಾಕೋಕೂ ಮುಂಚೆ ಜಾಗ ಕೈಗೆ ಬರಬೇಕಲ್ಲ. ಬರ್ನ್ಸ್ ಬಾಗ್‌ನ ಬಹುಪಾಲು ಖಾಸಗಿಯವರದಾಗಿತ್ತು, ಅದರ ಮೇಲೆ ಏನೇನೋ ಕಟ್ಟೋ ಯೋಜನೆಗಳು ಬಂದು ಹೋದವು, ಊರಿನ ಜನ ವರ್ಷಗಟ್ಟಲೆ ಗಲಾಟೆ ಮಾಡಿದ್ರು. ಕಟ್ಟಬಹುದಾ ಬಿಡಬೇಕಾ ಅಂತ ನೋಡೋಕೆ ಪ್ರಾಂತ್ಯದ ಸರ್ಕಾರ ಒಂದು ಪರಿಸರ ಪರಿಶೀಲನೆ ಮಾಡಿಸ್ತು, 2000ದಲ್ಲಿ ವರದಿ ಬಂತು. ವಿಜ್ಞಾನಿ ರಿಚರ್ಡ್ ಹೆಬ್ಡಾ ಮುಂದಾಳತ್ವದಲ್ಲಿ ಆದ ಆ ಕೆಲಸದಲ್ಲಿ ತಿಳಿದದ್ದು ಏನಂದ್ರೆ ಬಾಗ್‌ನ ಚೆಂದದ ಒಂದು ತುಂಡು ಇಟ್ಕೊಂಡು ಉಳಿದದ್ದನ್ನ ಮಾರೋಕೆ ಬರಲ್ಲ, ನೀರಿನ ಲೆಕ್ಕದಲ್ಲಿ ಅದು ಒಂದೇ ಮೈ, ಒಂದು ಕಡೆ ಕುಯ್ದ್ರೆ ಎಲ್ಲಾ ಕಡೆ ಸೋರುತ್ತೆ. ನನ್ನ ಕೇಳಿದ್ರೆ ಈ ಒಂದು ಮಾತೇ ಬಾಗ್ ಉಳಿಸಿದ್ದು. 2004ರಲ್ಲಿ ಕೆನಡಾ ಸರ್ಕಾರ, ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ, ವ್ಯಾಂಕೂವರ್ ಮಹಾನಗರ ಮಂಡಳಿ, ಡೆಲ್ಟಾ ಸ್ಥಳೀಯ ಆಡಳಿತ, ಹೀಗೆ ನಾಲ್ಕು ಕಡೆಯವರು ದುಡ್ಡು ಸೇರಿಸಿ 7 ಕೋಟಿ 30 ಲಕ್ಷ ಕೆನಡಾ ಡಾಲರಿಗೆ 2042 ಹೆಕ್ಟೇರ್ ಕೊಂಡುಕೊಂಡ್ರು. 2012ರಲ್ಲಿ ಅದು ಫ್ರೇಸರ್ ನದಿ ಮುಖಜ ಭೂಮಿಯ ರಾಮ್ಸಾರ್ ಜಾಗಕ್ಕೂ, ಅಂದ್ರೆ ಪ್ರಪಂಚದ ಮುಖ್ಯ ಜೌಗು ನೆಲಗಳ ಪಟ್ಟಿಗೂ ಸೇರಿತು. ಸ್ಯಾಂಡ್‌ಹಿಲ್ ಕ್ರೇನ್ ಅನ್ನೋ ಉದ್ದ ಕಾಲಿನ ಹಕ್ಕಿ ಅಲ್ಲಿ ಮರಿ ಮಾಡುತ್ತೆ, ಉತ್ತರದ ಚಳಿ ದೇಶದ ಕ್ಲೌಡ್‌ಬೆರಿ ಗಿಡವೂ ಅಷ್ಟು ದಕ್ಷಿಣಕ್ಕೆ ಬಂದು ಅಲ್ಲಿ ಬದುಕಿದೆ.

ಆದ್ರೂ ಒಂದು ಭಾಗ ತಿರುಗಿ ಬರೋದು ಕಷ್ಟ, ಅದು ಅಂಚು. ಆರೋಗ್ಯವಾಗಿರೋ ಬಾಗ್ ಸುತ್ತ ಒಂದು ಒದ್ದೆ ಪಟ್ಟಿ ಇರುತ್ತೆ, ಲ್ಯಾಗ್ ಅಂತಾರೆ, ಬಾಗ್‌ನ ಹುಳಿ ನೀರೂ ಹೊರಗಿನ ಖನಿಜದ ನೀರೂ ಕಲೆಯೋ ಜಾಗ. ಗದ್ದೆಗೆ ಬದು ಇದ್ದ ಹಾಗೆ, ಒಳಗಿನ ನೀರು ಸಟ್ಟನೆ ಹರಿದುಹೋಗದ ಹಾಗೆ ಅದು ತಡೀತಿರುತ್ತೆ. ಬರ್ನ್ಸ್ ಬಾಗ್ ಸುತ್ತ ಆ ಪಟ್ಟಿಯ ಬಹುಭಾಗ ತೋಟ, ರಸ್ತೆ, ಕಸದ ಗುಡ್ಡದ ಕೆಳಗೆ ಹೋಗಿದೆ. ಜನ ಬಾಗ್ ಅಂದ್ರೆ ನಡುವಿನ ಚೆಂದದ ಬಯಲು ಅಂದ್ಕೊಂಡು ಅಂಚನ್ನ ಬಿಟ್ಟುಕೊಟ್ಟದ್ದು ದೊಡ್ಡ ತಪ್ಪು, ಬದು ಒಡೆದ ಗದ್ದೆಗೆ ಎಷ್ಟು ನೀರು ಬಿಟ್ರೇನು.

ನೀರು ಏರಿಸಿದ್ರೆ ಮೀಥೇನ್ ಬರುತ್ತಲ್ಲ, ಅದೂ ಬಿಸಿ ಏರಿಸೋ ಅನಿಲವೇ ಅಲ್ವಾ ಅಂತ ಕೇಳೋರಿದಾರೆ. ನ್ಯಾಯವಾದ ಪ್ರಶ್ನೆ. ಹೌದು ಬರುತ್ತೆ, ನೀರಡಿಯಲ್ಲಿ ಗಾಳಿ ಇಲ್ಲದೆ ಕೊಳೆತರೆ ಮೀಥೇನ್ ಹುಟ್ಟೇ ಹುಟ್ಟುತ್ತೆ, ಶುರುವಿನ ವರ್ಷಗಳಲ್ಲಿ ಸ್ವಲ್ಪ ಜಾಸ್ತಿನೇ. ಆದ್ರೆ ಮೀಥೇನ್ ಗಾಳಿಯಲ್ಲಿ ಹತ್ತು ಹನ್ನೆರಡು ವರ್ಷ ಇದ್ದು ಕರಗಿಹೋಗುತ್ತೆ, ಒಣಗಿದ ಪೀಟ್‌ನಿಂದ ಹೋಗೋ ಕಾರ್ಬನ್ ಡೈಆಕ್ಸೈಡ್ ಶತಮಾನಗಟ್ಟಲೆ ಇರುತ್ತೆ, ಅದೂ ಪೀಟ್ ಮುಗಿಯೋ ತನಕ ಪ್ರತಿವರ್ಷ ಹೋಗ್ತಾನೇ ಇರುತ್ತೆ. ಸ್ಫ್ಯಾಗ್ನಮ್ ಹಾಸು ಚೆನ್ನಾಗಿ ಕೂತ್ರೆ ಅದರೊಳಗಿರೋ ಬ್ಯಾಕ್ಟೀರಿಯಾ ಒಂದಷ್ಟು ಮೀಥೇನ್ ಅನ್ನ ಅಲ್ಲೇ ತಿಂದೂ ಹಾಕುತ್ತೆ. ಒದ್ದೆಯಾಗಿ ಇಡೋದೇ ಲಾಭ.

ಕಮೋಸನ್‌ಗೆ ವಾಪಸ್ ಬಂದ್ರೆ, ಅಲ್ಲಿ ಕೆಲಸ ಶುರುವಾಗಿ ಕಾಲು ಶತಮಾನದ ಮೇಲಾಯ್ತು. ಸುತ್ತ ನಾಲ್ಕೂ ಕಡೆ ಎತ್ತರದ ಹೆಮ್‌ಲಾಕ್ ಮರಗಳಿವೆ, ಗಾಳಿ ಬಂದಾಗಲೆಲ್ಲ ಬೀಜ ಹಾರಿ ಬಂದು ಬೀಳೋದು ಇದೇ ಮೆತ್ತನೆ ಪಾಚಿ ಮೇಲೆ. ಹುಟ್ಟಿದ ಸಸಿ ಬೆರಳುದ್ದ ಇರುವಾಗ ಎಳೆದ್ರೆ ಪಾಚಿ ಅಲ್ಲಾಡದೆ ಬರುತ್ತೆ, ಒಂದು ವರ್ಷ ಬಿಟ್ರೆ ಬೇರಿನ ಜೊತೆ ಪಾಚಿ ಮೆತ್ತೆಯೇ ಕಿತ್ತು ಬರುತ್ತೆ. ಹಾಗಾಗಿ ಅವರು ಹಲಗೆ ಮೇಲೆ ಮಂಡಿಯೂರಿ, ಒಂದು ಕೈಯಲ್ಲಿ ಪಾಚಿ ಅದುಮಿ ಹಿಡಿದು, ಇನ್ನೊಂದು ಕೈಯ ಎರಡು ಬೆರಳಲ್ಲಿ ಸಸಿ ಎಳೀತಾರೆ, ಕಿತ್ತದ್ದನ್ನ ಬಕೆಟ್‌ಗೆ ಹಾಕ್ತಾರೆ, ಹಲಗೆ ಒಂದಡಿ ಮುಂದಕ್ಕೆ ಸರಿಸ್ತಾರೆ.